ಸಲಮಾಂಕದಲ್ಲಿ ಕಲಿತ ಭೂತಕಾಲ

ಮೂವತ್ತನಾಲ್ಕು ವರ್ಷಗಳ ಕಾಲ ಮೈಸೂರು ಸೀಮೆಯ ಪ್ರೌಢಶಾಲೆಗಳಲ್ಲಿ ಕನ್ನಡ ಪಂಡಿತನಾಗಿದ್ದು, ಮಕ್ಕಳಿಂದ ‘ಮಾಡಿದೆನು, ಮಾಡಿದೆವು, ಮಾಡಿದೆ, ಮಾಡಿದಿರಿ, ಮಾಡಿದನು, ಮಾಡಿದರು’ ಎಂದು ಕ್ರಿಯಾಪದಗಳನ್ನು ಒಪ್ಪಿಸಿಕೊಂಡವನು ನಾನು. ತಪ್ಪು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಆ ಪಾಪದ ಫಲವೋ ಏನೋ, ಅರವತ್ತೆಂಟನೆಯ ವಯಸ್ಸಿನಲ್ಲಿ, ಸ್ವದೇಶದಿಂದ ಸಾವಿರಾರು ಮೈಲಿ ದೂರದ ಸ್ಪೇನ್ ದೇಶದಲ್ಲಿ, ನನ್ನ ಮಗಳಿಗಿಂತಲೂ ಕಿರಿಯಳಾದ ಉಪಾಧ್ಯಾಯಿನಿಯೊಬ್ಬಳ ಮುಂದೆ ಕೈಕಟ್ಟಿ ಕುಳಿತು ಕ್ರಿಯಾಪದಗಳನ್ನು ಒಪ್ಪಿಸುವ ಯೋಗ ನನಗೂ ಬಂದಿತು.

ಮಗಳು ಮ್ಯಾಡ್ರಿಡ್ ನಗರದಲ್ಲಿ ಕಂಪ್ಯೂಟರ್ ಕಂಪನಿಯೊಂದರ ನೌಕರಿಯಲ್ಲಿದ್ದಾಳೆ. ನನ್ನ ಪತ್ನಿ ತೀರಿಕೊಂಡು ಎರಡು ವರ್ಷಗಳಾಗಿದ್ದುವು. ಒಂಟಿಕೊಪ್ಪಲಿನ ಮನೆಗೆ ಬೀಗ ಹಾಕಿಸಿ, ಮೂರು ತಿಂಗಳ ಮಟ್ಟಿಗೆಂದು ಮಗಳು ನನ್ನನ್ನು ತನ್ನಲ್ಲಿಗೆ ಕರೆಸಿಕೊಂಡಳು. ಆ ಮನೆಯನ್ನು ಮಾರಿಬಿಡುವುದು ಒಳ್ಳೆಯದೆಂದು ಅವಳ ಅಭಿಪ್ರಾಯ. ಕೊಳ್ಳುವವರು ಸಿದ್ಧರಾಗಿದ್ದರು, ಉತ್ತರ ಹೇಳಬೇಕಾದವನು ನಾನು. ನಾನಾದರೋ ದಿನಕ್ಕೊಂದು ನೆಪ ಹೂಡಿ ಮಾತನ್ನು ಮುಂದಕ್ಕೆ ತಳ್ಳುತ್ತಿದ್ದೆನು.

“ಅಣ್ಣಾ, ನಾನು ಆಫೀಸಿಗೆ ಹೋದಮೇಲೆ ನೀವು ಒಬ್ಬರೇ ಗೋಡೆ ನೋಡಿಕೊಂಡು ಕೂರುವುದು ಬೇಡ. ನಾಲ್ಕು ವಾರ ಸಲಮಾಂಕಕ್ಕೆ ಹೋಗಿ ಸ್ಪ್ಯಾನಿಷ್ ಕಲಿತು ಬನ್ನಿ. ಮನೆಯ ವಿಷಯವನ್ನೂ ಅಲ್ಲಿಯೇ ನಿಧಾನವಾಗಿ ಯೋಚಿಸಿ” ಎಂದು ಅವಳು ಒಂದು ದಿನ ಹೇಳಿದಳು. ವ್ಯಾಕರಣವೆಂದರೆ ನಾನು ಇಲ್ಲವೆನ್ನಲಾರೆನೆಂಬುದು ಅವಳಿಗೆ ಗೊತ್ತು. ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ನಾನು ಬಸ್ಸು ಹತ್ತಿದೆನು.

ಹೊಂಬಣ್ಣದ ಊರು

ಮ್ಯಾಡ್ರಿಡ್ಡಿನಿಂದ ಸಲಮಾಂಕಕ್ಕೆ ಸುಮಾರು 200 ಕಿಲೋಮೀಟರ್. ಎರಡೂವರೆ ಗಂಟೆಯ ಹಾದಿ. ಗ್ವಾದರಾಮ ಬೆಟ್ಟಸಾಲನ್ನು ದಾಟಿದ ಮೇಲೆ ವಿಶಾಲವಾದ ಬಯಲು. ಗೋಧಿಯ ಕಟಾವು ಮುಗಿದು ಕೂಳೆ ನಿಂತಿದ್ದ ಹೊಲಗಳು, ನಡುನಡುವೆ ಕಪ್ಪು ಹಸುರಿನ ಓಕ್ ಮರಗಳು, ಅವುಗಳ ನೆರಳಿನಲ್ಲಿ ದನಗಳು. ನೋಡುತ್ತ ನೋಡುತ್ತ ನನಗೆ ಚಿತ್ರದುರ್ಗದ ಕಡೆಯ ಬಯಲುಸೀಮೆಯ ನೆನಪಾಯಿತು. ಊರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಹೆಚ್ಚುಕಡಮೆ ನಮ್ಮ ಮೈಸೂರಿನಷ್ಟೇ. ಆದರೆ ಬೆಳಗಿನ ಚಳಿ ಮಾತ್ರ ಮೈಸೂರಿನದಲ್ಲ.

ತೋರ್ಮೆಸ್ ನದಿಯ ದಂಡೆಯಿಂದ ಊರನ್ನು ನೋಡಬೇಕು. ರೋಮನರು ಕಟ್ಟಿದ ಸೇತುವೆ, ಅದರಾಚೆ ದಿಬ್ಬದ ಮೇಲೆ ಒಂದಕ್ಕೊಂದು ಅಂಟಿಕೊಂಡಂತೆ ನಿಂತಿರುವ ಹಳೆಯ ಹಾಗೂ ಹೊಸ ಎರಡು ಮಹಾ ಇಗರ್ಜಿಗಳು, ಅವುಗಳ ಸುತ್ತ ವಿದ್ಯಾಲಯದ ಕಟ್ಟಡಗಳು. ಎಲ್ಲವೂ ಒಂದೇ ಕಲ್ಲಿನವು; ಸಮೀಪದ ವಿಲ್ಯಮಯೋರ್ ಎಂಬ ಊರಿನ ಗಣಿಯ ಮರಳುಗಲ್ಲು. ಗಣಿಯಿಂದ ತೆಗೆದಾಗ ಅದು ಮೆದುವಾಗಿರುತ್ತದೆ. ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ನಮ್ಮ ಹಳೆಯಬೀಡಿನ ಬಳಪದ ಕಲ್ಲಿನ ಗುಣವೂ ಇದೇ ಅಲ್ಲವೆ? ಆದುದರಿಂದಲೇ ಇಲ್ಲಿಯ ಶಿಲ್ಪಿಗಳೂ ಕಲ್ಲಿನಲ್ಲಿ ಅಕ್ಕಸಾಲಿಗರ ಕುಸುರಿಯನ್ನು ಮಾಡಿದ್ದಾರೆ. ಕಲ್ಲಿನಲ್ಲಿರುವ ಕಬ್ಬಿಣದ ಅಂಶದಿಂದ ಕಾಲ ಕಳೆದಂತೆ ಅದಕ್ಕೆ ಹೊಂಬಣ್ಣ ಬರುತ್ತದೆ. ಸಂಜೆಯ ಬಿಸಿಲು ಬಿದ್ದಾಗ ಊರಿಗೆ ಊರೇ ಅರಿಸಿನ ಹಚ್ಚಿ ನಿಲ್ಲಿಸಿದ ಮದುಮಗಳಂತೆ ಕಾಣುತ್ತದೆ.

ವಿದ್ಯಾಲಯವನ್ನು ಲೆಯೋನ್ ರಾಜ್ಯದ ದೊರೆ ಒಂಬತ್ತನೆಯ ಅಲ್ಫೋನ್ಸೊ 1218ರಲ್ಲಿ ಸ್ಥಾಪಿಸಿದನು. ಅದರ ಮುಂಭಾಗದ ಕೆತ್ತನೆಯಲ್ಲಿ ಎಲ್ಲೋ ಒಂದು ತಲೆಬುರುಡೆ, ಅದರ ಮೇಲೊಂದು ಕಪ್ಪೆ. ಯಾರ ಸಹಾಯವೂ ಇಲ್ಲದೆ ಆ ಕಪ್ಪೆಯನ್ನು ಕಂಡುಹಿಡಿದವನು ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾನೆಂದು ವಿದ್ಯಾರ್ಥಿಗಳ ನಂಬಿಕೆ. ನಾನು ಮೂರು ದಿನ ಕತ್ತೆತ್ತಿ ಹುಡುಕಿದೆನು. ನಾಲ್ಕನೆಯ ದಿನ ಒಬ್ಬ ಹುಡುಗ ಕನಿಕರದಿಂದ ಬೆರಳು ಮಾಡಿ ತೋರಿಸಿಬಿಟ್ಟನು. ನನ್ನ ಪರೀಕ್ಷೆಯ ಗತಿ ಅಂದೇ ತಿಳಿಯಿತು.

ಮನೆಯೊಡತಿ

ನನಗೆ ಗೊತ್ತುಮಾಡಿದ್ದ ಬಿಡಾರವು ಹಳೆಯ ಕಟ್ಟಡವೊಂದರ ಮೂರನೆಯ ಅಂತಸ್ತಿನಲ್ಲಿತ್ತು. ಮನೆಯೊಡತಿಗೆ ಎಂಬತ್ತರ ಹತ್ತಿರದ ಪ್ರಾಯ. ನೆಟ್ಟಗೆ ನಿಲ್ಲುವ, ಗಟ್ಟಿಯಾಗಿ ಮಾತಾಡುವ ಹೆಂಗಸು. ಭಾಷೆ ಕಲಿಯಲು ಬರುವವರಿಗೆ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟು ಊಟವನ್ನೂ ಹಾಕುತ್ತಿದ್ದರು. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದಾಗ ಅವರು ಮೊದಲು ನನ್ನ ಆರೋಗ್ಯವನ್ನು ವಿಚಾರಿಸಿದರು. ತರುವಾಯ ನಮ್ಮ ಚನ್ನಂಗಿ ಬೇಳೆಯ ಜಾತಿಯ ಕಾಳನ್ನು ಬೆಳ್ಳುಳ್ಳಿ ಹಾಕಿ ಬೇಯಿಸಿಕೊಟ್ಟರು. ಮೆಣಸಿನಕಾಯಿ ಒಂದಿದ್ದರೆ ಅದು ಸಾರೇ ಸರಿ.

ಮೊದಲ ದಿನ ಆಕೆ ಮನೆಯನ್ನೆಲ್ಲ ಸುತ್ತಿ ತೋರಿಸುತ್ತ, ಹಜಾರದ ಗೋಡೆಯ ಮೇಲಿದ್ದ ಮದುವೆಯ ಭಾವಚಿತ್ರದ ಮುಂದೆ ನಿಂತು ಏನೋ ದೀರ್ಘವಾಗಿ ಹೇಳಿದರು. ಹೊಳೆಯ ನೀರಿನಂತೆ ಹರಿದುಹೋದ ಆ ಮಾತಿನಲ್ಲಿ ನನ್ನ ಕೈಗೆ ಸಿಕ್ಕಿದ್ದು ಮೂರೇ ಪದ: ‘ನನ್ನ ಗಂಡ’, ‘ನಾನು’, ‘ವಿವೀಮೊಸ್’. ಮ್ಯಾಡ್ರಿಡ್ಡಿನಲ್ಲಿ ಮಗಳು ಕೊಟ್ಟಿದ್ದ ಪುಸ್ತಕದ ಮೊದಲ ಪಾಠದಲ್ಲಿಯೇ ಆ ಕ್ರಿಯಾಪದವಿತ್ತು. ‘ವಿವೀರ್’ ಎಂದರೆ ಬದುಕು, ಬಾಳು, ವಾಸಿಸು; ‘ವಿವೀಮೊಸ್’ ಎಂದರೆ ವಾಸಿಸುತ್ತೇವೆ. ಸರಿ, ಗಂಡಹೆಂಡಿರಿಬ್ಬರೂ ಇಲ್ಲಿ ವಾಸಿಸುತ್ತಾರೆಂದು ನಾನು ತಿಳಿದೆನು. ಯಜಮಾನರು ಊರಿಗೆ ಹೋಗಿರಬೇಕು. ಎರಡು ದಿನ ಊಟದ ಮೇಜಿನಲ್ಲಿ ಖಾಲಿಯಾಗಿದ್ದ ಮೂರನೆಯ ಕುರ್ಚಿಯನ್ನು ನೋಡಿದೆನು. ಮೂರನೆಯ ದಿನ, ಮರ್ಯಾದೆಯೆಂದು ಭಾವಿಸಿ, ಇದ್ದ ನಾಲ್ಕು ಪದಗಳನ್ನು ಜೋಡಿಸಿಕೊಂಡು “ಯಜಮಾನರು ಎಂದು ಬರುತ್ತಾರೆ?” ಎಂದು ಕೇಳಿಯೇಬಿಟ್ಟೆನು.

ಆಕೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. ನನ್ನ ಮುಖವನ್ನು ನೋಡಿದರು. ಬಳಿಕ, ಮಗುವಿಗೆ ಹೇಳುವಂತೆ ಒಂದೊಂದೇ ಪದವನ್ನು ಬಿಡಿಸಿ, ಅವರು ತೀರಿಕೊಂಡು ಒಂಬತ್ತು ವರ್ಷಗಳಾದುವೆಂದು ತಿಳಿಸಿದರು. ನನಗೆ ಅಂದು ಊಟ ಗಂಟಲಿನಲ್ಲಿ ಇಳಿಯಲಿಲ್ಲ.

ಮರುದಿನ ಶಾಲೆಯಲ್ಲಿ ಉಪಾಧ್ಯಾಯಿನಿಗೆ ಇದನ್ನು ಹೇಳಿದಾಗ ಆಕೆ ಹಲಗೆಯ ಮೇಲೆ ‘ವಿವೀಮೊಸ್’ ಎಂದು ಎರಡು ಸಲ ಬರೆದು, ಒಂದರ ಕೆಳಗೆ ‘ಇಂದು’, ಇನ್ನೊಂದರ ಕೆಳಗೆ ‘ನಿನ್ನೆ’ ಎಂದು ಬರೆದಳು. ‘ನಾವು ವಾಸಿಸುತ್ತೇವೆ’ ಎಂಬುದೂ ಅದೇ, ‘ನಾವು ವಾಸಿಸಿದೆವು’ ಎಂಬುದೂ ಅದೇ! ಹೀಗೆ ನಮ್ಮ ಭೂತಕಾಲದ ಪಾಠವು ಕ್ರಮಕ್ಕಿಂತ ಒಂದು ವಾರ ಮುಂಚಿತವಾಗಿಯೇ ಆರಂಭವಾಯಿತು.

ಆರು ರೂಪಗಳು

ವಾಚಕರು ಬೇಸರಪಡಬಾರದು, ವ್ಯಾಕರಣವೆಂದೊಡನೆ ಪುಟ ಮಗುಚಬಾರದು. ಸಂಗತಿ ಬಹಳ ಸರಳವಾದುದು.

ಸ್ಪ್ಯಾನಿಷ್ ಭಾಷೆಯ ಧಾತುಗಳೆಲ್ಲ ಮೂರು ಮನೆತನಗಳಿಗೆ ಸೇರಿದುವು: ಕೊನೆಯಲ್ಲಿ ‘ಆರ್’ ಉಳ್ಳವು, ‘ಏರ್’ ಉಳ್ಳವು, ‘ಈರ್’ ಉಳ್ಳವು. ‘ಅಬ್ಲಾರ್’ ಎಂದರೆ ಮಾತಾಡು. ‘ಕೊಮೇರ್’ ಎಂದರೆ ತಿನ್ನು. ‘ವಿವೀರ್’ ಎಂದರೆ ಬಾಳು. ಈ ಬಾಲವನ್ನು ಕತ್ತರಿಸಿ ಆ ಜಾಗದಲ್ಲಿ ಭೂತಕಾಲದ ಪ್ರತ್ಯಯವನ್ನು ಹಚ್ಚಬೇಕು. ನಾನು ಬಾಳಿದೆನು, ‘ವಿವೀ’. ನೀನು ಬಾಳಿದೆ, ‘ವಿವೀಸ್ತೆ’. ಅವನು ಅಥವಾ ಅವಳು ಬಾಳಿದಳು, ‘ವಿವಿಯೋ’. ನಾವು ಬಾಳಿದೆವು, ‘ವಿವೀಮೊಸ್’. ನೀವೆಲ್ಲ ಬಾಳಿದಿರಿ, ‘ವಿವೀಸ್ತೆಯಿಸ್’. ಅವರು ಬಾಳಿದರು, ‘ವಿವಿಯೇರೊನ್’. ‘ಏರ್’ ಮನೆತನದ್ದೂ ಅಕ್ಷರಶಃ ಇದೇ ಪ್ರತ್ಯಯ: ‘ಕೊಮೀ’, ‘ಕೊಮೀಸ್ತೆ’, ‘ಕೊಮಿಯೋ’. ‘ಆರ್’ ಮನೆತನದ್ದು ಮಾತ್ರ ಸ್ವಲ್ಪ ಬೇರೆ: ‘ಅಬ್ಲೇ’, ‘ಅಬ್ಲಾಸ್ತೆ’, ‘ಅಬ್ಲೋ’, ‘ಅಬ್ಲಾಮೊಸ್’, ‘ಅಬ್ಲಾಸ್ತೆಯಿಸ್’, ‘ಅಬ್ಲಾರೊನ್’. ಇಷ್ಟನ್ನು ಬಾಯಿಪಾಠ ಮಾಡಿದವನಿಗೆ ಸಾವಿರಾರು ಕ್ರಿಯಾಪದಗಳ ನಿನ್ನೆಯು ವಶವಾದಂತೆಯೇ. ಹಟಮಾರಿ ಧಾತುಗಳು ಬೇರೆ ಇವೆ. ನಮ್ಮಲ್ಲಿ ‘ಬರು’ ಎಂಬುದು ‘ಬಂದನು’ ಎಂದಾಗುವಂತೆ. ಅವುಗಳ ಗೊಡವೆ ಇಲ್ಲಿ ಬೇಡ.

ನಾಮಪದದ ಹಂಗಿಲ್ಲದೆ ಕ್ರಿಯಾಪದವೇ ಕರ್ತೃವನ್ನು ಹೇಳಿಬಿಡುವ ಈ ಪರಿ ಕನ್ನಡಿಗನಿಗೆ ಹೊಸದಲ್ಲ. ‘ಬಂದೆನು’ ಎಂದರೆ ಸಾಕು, ‘ನಾನು’ ಎಂದು ಹೇಳಬೇಕಾಗಿಲ್ಲ. ನಮ್ಮ ತರಗತಿಯಲ್ಲಿ ಜಪಾನಿನ ಯುವತಿಯೊಬ್ಬಳು, ಜರ್ಮನಿಯ ಇಬ್ಬರು ತರುಣರು, ಇಂಗ್ಲೆಂಡಿನ ನಿವೃತ್ತ ದಾದಿಯೊಬ್ಬರು ಇದ್ದರು. ದಾದಿಯವರು ಪ್ರತಿ ವಾಕ್ಯಕ್ಕೂ ‘ನಾನು, ನಾನು’ ಎಂದು ಸೇರಿಸುತ್ತ ಬೈಸಿಕೊಳ್ಳುತ್ತಿದ್ದರು. ನಾನು ಆ ಒಂದು ವಿಷಯದಲ್ಲಿ ಮೆಚ್ಚಿಗೆ ಗಳಿಸಿದೆನು. ಆದರೆ ಭೇದವೂ ಉಂಟು. ನಮ್ಮ ‘ಮಾಡಿದೆನು’ ಎಂಬಲ್ಲಿ ಕಾಲಸೂಚಕವಾದ ‘ದ’ಕಾರ ಬೇರೆ, ಪುರುಷಸೂಚಕವಾದ ‘ಎನು’ ಬೇರೆ, ಬಿಡಿಸಿ ಮುಂದಿಡಬಹುದು. ಅವರ ‘ವಿವಿಯೋ’ ಎಂಬಲ್ಲಿ ಕಾಲ, ಪುರುಷ, ವಚನಗಳೆಲ್ಲ ಒಂದೇ ಎರಕದಲ್ಲಿ ಕರಗಿಹೋಗಿವೆ. ಇನ್ನು, ಬಾಳಿದವನು ಗಂಡೋ ಹೆಣ್ಣೋ ಎಂಬುದನ್ನು ನಮ್ಮ ಕ್ರಿಯಾಪದ ಹೇಳುತ್ತದೆ, ಅವರದು ಹೇಳುವುದಿಲ್ಲ.

ಮರ್ಯಾದೆಯ ಮಾತಿನಲ್ಲಿಯೂ ಒಂದು ಸ್ವಾರಸ್ಯವಿದೆ. ಹಿರಿಯರನ್ನು ‘ಉಸ್ತೇದ್’ ಎಂದು ಕರೆಯುತ್ತಾರೆ. ‘ತಮ್ಮ ಕೃಪೆ’ ಎಂಬರ್ಥದ ಹಳೆಯ ಸಂಬೋಧನೆ ಸವೆದು ಆ ಪದವಾಗಿದೆ. ಕೃಪೆಯು ಎದುರಿನ ವ್ಯಕ್ತಿಯಲ್ಲವಾದ್ದರಿಂದ ಕ್ರಿಯಾಪದ ಪ್ರಥಮ ಪುರುಷಕ್ಕೆ ಹೊರಳುತ್ತದೆ. ‘ತಾವು ಬಾಳಿದಿರಿ’ ಎನ್ನುವುದಕ್ಕೂ ‘ವಿವಿಯೋ’ ಎಂದೇ. ಮನೆಯೊಡತಿ ನನ್ನನ್ನು ‘ಉಸ್ತೇದ್’ ಎನ್ನುತ್ತಿದ್ದರು. ಉಪಾಧ್ಯಾಯಿನಿಯಾದರೋ ಮೊದಲ ದಿನದಿಂದಲೂ ‘ನೀನು’! ಮೂವತ್ತನಾಲ್ಕು ವರ್ಷ ‘ಮೇಷ್ಟ್ರೇ’ ಎನ್ನಿಸಿಕೊಂಡ ಕಿವಿ ಒಂದು ಕ್ಷಣ ನಿಮಿರಿತು. ಅಲ್ಲಿ ಅದು ಸಲುಗೆಯೇ ಹೊರತು ಅಗೌರವವಲ್ಲವೆಂದು ಆಮೇಲೆ ತಿಳಿಯಿತು.

ಪಾಗೊ, ಪಗೋ

ಪ್ರತ್ಯಯಗಳನ್ನು ಕಲಿತರೆ ಸಾಲದು; ಒತ್ತು ಬೀಳುವ ಜಾಗವನ್ನೂ ಕಲಿಯಬೇಕು. ನಾನು ಇಲ್ಲಿ ದೀರ್ಘವಾಗಿ ಬರೆದಿರುವ ಕಡೆ ಒತ್ತು ಬೀಳುತ್ತದೆಂದು ತಿಳಿಯತಕ್ಕದ್ದು. ‘ಅಬ್ಲೊ’ ಎಂದು ಮೊದಲಿಗೆ ಒತ್ತಿದರೆ ‘ನಾನು ಮಾತಾಡುತ್ತೇನೆ’. ‘ಅಬ್ಲೋ’ ಎಂದು ಕೊನೆಗೆ ಒತ್ತಿದರೆ ‘ಅವನು ಮಾತಾಡಿದನು’. ಬರೆಯುವಾಗ ಒಂದು ಸಣ್ಣ ಗೀಟು, ಉಚ್ಚರಿಸುವಾಗ ಒಂದು ಸಣ್ಣ ಒತ್ತು. ಅಷ್ಟರಲ್ಲಿ ನಾನು ಹೋಗಿ ಅವನಾಗುತ್ತಾನೆ, ಇಂದು ಹೋಗಿ ನಿನ್ನೆಯಾಗುತ್ತದೆ.

ಊರಿನ ನಡುಮನೆಯೆಂದರೆ ಪ್ಲಾಸಾ ಮಯೋರ್ ಎಂಬ ಚೌಕ. 1729ರಿಂದ 1755ರವರೆಗೆ ಕಟ್ಟಿದ್ದು. ನಾಲ್ಕು ಕಡೆಯೂ ಕಮಾನುಗಳ ಮೊಗಸಾಲೆ, ನಡುವೆ ವಿಶಾಲವಾದ ಅಂಗಳ. ಸಂಜೆಯಾಯಿತೆಂದರೆ ಮುದುಕರು, ಮಕ್ಕಳು, ವಿದ್ಯಾರ್ಥಿಗಳು ಎಲ್ಲರೂ ಅಲ್ಲಿಗೇ ಬರುತ್ತಾರೆ. ಒಂದು ಸಂಜೆ ತರಗತಿಯ ಗೆಳೆಯರೊಡನೆ ಅಲ್ಲಿಯ ಹೋಟೆಲೊಂದರ ಹೊರಗೆ ಕಾಫಿ ಕುಡಿದು, ಹಿರಿಯನಾದ ನಾನೇ ಹಣ ಕೊಡಬೇಕೆಂದು ಮಾಣಿಯನ್ನು ಕರೆದೆನು. ‘ನಾನು ಕೊಡುತ್ತೇನೆ’ ಎನ್ನಲು ‘ಪಾಗೊ’ ಎನ್ನಬೇಕು. ನಾನು ಗಾಂಭೀರ್ಯದಿಂದ ‘ಪಗೋ’ ಎಂದೆನು. ಹಾಗೆಂದರೆ ‘ಆತನು ಕೊಟ್ಟನು’. ಮಾಣಿ ನನ್ನ ಬೆರಳು ತೋರುತ್ತಿದ್ದ ದಿಕ್ಕನ್ನೇ ನೋಡಿದನು. ಅಲ್ಲಿ ಜರ್ಮನಿಯ ತರುಣನು ಕುಳಿತಿದ್ದನು. ಅವನು ತಾನು ಕೊಟ್ಟಿಲ್ಲವೆಂದನು. ಮಾಣಿ ನನ್ನ ಕಡೆ ತಿರುಗಿದನು. ನಾನು ಇನ್ನೂ ಗಟ್ಟಿಯಾಗಿ ‘ಪಗೋ, ಪಗೋ’ ಎಂದೆನು. ಕೊನೆಗೆ ಜಪಾನಿನ ಯುವತಿ ನಗು ತಡೆಯಲಾರದೆ ನಮ್ಮಿಬ್ಬರ ವ್ಯಾಜ್ಯವನ್ನು ತೀರಿಸಿದಳು.

ಮುಗಿದದ್ದು, ಮುಗಿಯದ್ದು

ನಿಜವಾದ ಕಷ್ಟವಿರುವುದು ರೂಪದಲ್ಲಲ್ಲ, ಉಪಯೋಗದಲ್ಲಿ. ಸ್ಪ್ಯಾನಿಷಿನಲ್ಲಿ ಕಳೆದುದನ್ನು ಹೇಳಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ‘ವಿವಿಯೋ’ ಎಂದರೆ ಬಾಳಿದನು. ಆ ಬಾಳನ್ನು ಹೊರಗೆ ನಿಂತು, ಆದಿ ಅಂತ್ಯಗಳೊಡನೆ ಇಡಿಯಾಗಿ ನೋಡಿದಂತೆ. ‘ವಿವೀಯ’ ಎಂದರೆ ಬಾಳುತ್ತಿದ್ದನು. ಒಳಗೆ ನಿಂತು ನೋಡಿದಂತೆ, ಕೊನೆ ಕಾಣುವುದಿಲ್ಲ. ಸ್ಪೇನಿನ ಊರುಗಳಲ್ಲಿ ಪ್ರಸಿದ್ಧ ಪುರುಷರ ಮನೆಗಳ ಮೇಲೆ ‘ಇಲ್ಲಿ ವಿವಿಯೋ’ ಎಂದು ಬರೆದ ಫಲಕಗಳನ್ನು ಕಾಣಬಹುದು. ಕಲ್ಲಿನ ಮೇಲೆ ಕೆತ್ತುವ ಕಾಲ ಅದು. ಇಂದು ಬೆಳಿಗ್ಗೆ ನಡೆದುದಕ್ಕೆ ಮತ್ತೊಂದು ರೂಪ: ನಮ್ಮ ‘ಮಾತಾಡಿದ್ದೇನೆ’ ಎಂಬಂತೆ ‘ಎ ಅಬ್ಲಾದೊ’. ದಿನ ಇನ್ನೂ ಮುಗಿದಿಲ್ಲವಾದ್ದರಿಂದ ಸ್ಪೇನಿನ ಬಹುಭಾಗದಲ್ಲಿ ಹೀಗೆ ಹೇಳುತ್ತಾರೆ. ಅಟ್ಲಾಂಟಿಕ್ ಸಾಗರದಾಚೆಯ ಸ್ಪ್ಯಾನಿಷ್ ನಾಡುಗಳಲ್ಲಿ ಹೆಚ್ಚಾಗಿ ಅದಕ್ಕೂ ‘ಅಬ್ಲೇ’ ಎಂದೇ ಅನ್ನುತ್ತಾರೆ.

ಈ ಭೇದವನ್ನು ಶಾಸ್ತ್ರವಾಗಿ ಮೊದಲು ಬರೆದಿಟ್ಟವನು ಇದೇ ಊರಿನ ವಿದ್ಯಾಲಯದಲ್ಲಿ ಪಾಠ ಹೇಳಿದ ಅಂತೋನಿಯೊ ದೆ ನೆಬ್ರಿಹ. ಅವನ ಕ್ಯಾಸ್ಟಿಲಿಯನ್ ವ್ಯಾಕರಣವು 1492ರ ಆಗಸ್ಟ್ ತಿಂಗಳಲ್ಲಿ ಸಲಮಾಂಕದಲ್ಲಿಯೇ ಅಚ್ಚಾಯಿತು. ಅದೇ ತಿಂಗಳ 3ರಂದು ಕೊಲಂಬಸನ ಹಡಗುಗಳು ಪಾಲೋಸ್ ಬಂದರನ್ನು ಬಿಟ್ಟಿದ್ದುವು. ಯುರೋಪಿನ ಆಡುಭಾಷೆಯೊಂದಕ್ಕೆ ಅಚ್ಚಿನಲ್ಲಿ ಬಂದ ಮೊದಲ ವ್ಯಾಕರಣ ಅದು. ಅಲ್ಲಿಯವರೆಗೆ ವ್ಯಾಕರಣದ ಗೌರವವಿದ್ದುದು ಲ್ಯಾಟಿನ್ ಮೊದಲಾದ ಶಾಸ್ತ್ರಭಾಷೆಗಳಿಗೆ. ನಮ್ಮ ಕೇಶಿರಾಜನು ಇದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ, 13ನೆಯ ಶತಮಾನದಲ್ಲಿ, ‘ಶಬ್ದಮಣಿದರ್ಪಣ’ವನ್ನು ಕನ್ನಡದಲ್ಲಿಯೇ ರಚಿಸಿದ್ದನೆಂದು ನಾನು ತರಗತಿಯಲ್ಲಿ ಎದ್ದುನಿಂತು ಹೇಳಿದೆನು. ಕೇಶಿರಾಜನ ಹೆಸರು ಹಲಗೆಯ ಮೇಲೇರಿತು. ಆ ದಿನ ನನಗೆ ಕಪ್ಪೆ ಸಿಕ್ಕದ ದುಃಖ ಮರೆಯಿತು.

ನೆಬ್ರಿಹನು ಈ ಎರಡು ಕಾಲಗಳಿಗೆ ಇಟ್ಟ ಹೆಸರುಗಳು ನನಗೆ ಬಹಳ ಹಿಡಿಸಿದುವು: ಒಂದು ‘ಮುಗಿದ ಭೂತ’, ಇನ್ನೊಂದು ‘ಮುಗಿಯದ ಭೂತ’. ಮುಂದಿನ ಪಂಡಿತರು ಬೇರೆ ಬೇರೆ ಹೆಸರುಗಳನ್ನಿಟ್ಟರು. ಇಷ್ಟು ನೇರವಾದುದು ಯಾವುದೂ ಇಲ್ಲ.

ಮುಗಿಯದ ಭೂತವೆಂದರೇನೆಂಬುದನ್ನು ತಿಳಿಯಲು ವಿದ್ಯಾಲಯದ ಹಳೆಯ ಪಾಠದ ಕೊಠಡಿಯೊಂದಕ್ಕೆ ಹೋಗಬೇಕು. ಕವಿಯೂ ಪಂಡಿತನೂ ಆಗಿದ್ದ ಲೂಯಿಸ್ ದೆ ಲೆಯೋನ್ ಎಂಬ ಸಂನ್ಯಾಸಿ ಪಾಠ ಹೇಳುತ್ತಿದ್ದ ಕೊಠಡಿ ಅದು. ಒರಟಾಗಿ ಕೆತ್ತಿದ ಮರದ ದಿಮ್ಮಿಗಳೇ ಬೆಂಚುಗಳು. ಅವುಗಳ ಮೇಲೆಲ್ಲ ಹಿಂದಿನ ವಿದ್ಯಾರ್ಥಿಗಳು ಕೊರೆದ ಗುರುತುಗಳು. ಲೋಕದ ಹುಡುಗರೆಲ್ಲ ಒಂದೇ ಜಾತಿ! ಬೈಬಲಿನ ಪರಮಗೀತವನ್ನು ದೇಶಭಾಷೆಗೆ ತಂದುದು, ರೂಢಿಯಲ್ಲಿದ್ದ ಲ್ಯಾಟಿನ್ ಪಾಠಕ್ಕಿಂತ ಹೀಬ್ರೂ ಮೂಲವನ್ನು ಹೆಚ್ಚೆಂದುದು ಮೊದಲಾದ ಆಪಾದನೆಗಳ ಮೇಲೆ ಧರ್ಮವಿಚಾರಣೆಯ ನ್ಯಾಯಾಲಯವು ಅವನನ್ನು 1572ರಲ್ಲಿ ಸೆರೆಯಲ್ಲಿಟ್ಟಿತು. 1576ರ ಕೊನೆಯಲ್ಲಿ ಬಿಡುಗಡೆಯಾಗಿ ಬಂದವನು ಮತ್ತೆ ಪೀಠವನ್ನೇರಿ, ನಡುವೆ ಏನೂ ನಡೆಯಲಿಲ್ಲವೆಂಬಂತೆ, ನಿನ್ನೆ ಹೇಳುತ್ತಿದ್ದೆವಲ್ಲ ಎಂದು ಪಾಠವನ್ನು ಮುಂದುವರಿಸಿದನಂತೆ. ಇದು ಐತಿಹ್ಯ. ಆದರೆ ಐತಿಹ್ಯವು ಅವನ ಬಾಯಲ್ಲಿಟ್ಟಿರುವ ಕ್ರಿಯಾಪದವನ್ನು ಗಮನಿಸಬೇಕು. ‘ಹೇಳಿದೆವು’ ಎಂದಲ್ಲ, ‘ಹೇಳುತ್ತಿದ್ದೆವು’. ಸೆರೆಮನೆಯ ನಾಲ್ಕೂಮುಕ್ಕಾಲು ವರ್ಷಗಳಿಗೆ ಆ ಪಾಠವನ್ನು ಮುಗಿಸುವ ಅಧಿಕಾರವನ್ನು ಅವನು ಕೊಡಲಿಲ್ಲ.

ಒಂದು ಅಕ್ಷರ

ಮೂರನೆಯ ವಾರದಲ್ಲಿ ‘ನನ್ನ ಮನೆ’ ಎಂಬ ವಿಷಯದ ಮೇಲೆ ಹತ್ತು ವಾಕ್ಯಗಳನ್ನು ಬರೆದುತರಲು ಹೇಳಿದರು. ಆ ರಾತ್ರಿ ಕೋಣೆಯಲ್ಲಿ ಕುಳಿತು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಬರೆದೆನು. ಮೈಸೂರು ಎಂಬ ಊರು. ಅಲ್ಲೊಂದು ಹೆಂಚಿನ ಮನೆ. ಮುಂದೆ ಒಂದು ಸಂಪಿಗೆ ಮರ. ಆ ಮನೆಯಲ್ಲಿ ನನ್ನ ಹೆಂಡತಿಯೂ ನಾನೂ ಮೂವತ್ತೊಂದು ವರ್ಷ ‘ವಿವೀಯಮೊಸ್’. ಬೆಳಿಗ್ಗೆ ಅವಳು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಳು. ನಾನು ಕಾಫಿಯ ಲೋಟ ಹಿಡಿದು ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದೆನು. ಹೀಗೆ ಹತ್ತು ವಾಕ್ಯ. ಎಲ್ಲವೂ ಮುಗಿಯದ ಭೂತದಲ್ಲಿ.

ಮರುದಿನ ಪುಸ್ತಕ ಹಿಂದಕ್ಕೆ ಬಂದಾಗ ರಂಗೋಲಿಯ ವಾಕ್ಯವನ್ನಾಗಲೀ ಜಗಲಿಯ ವಾಕ್ಯವನ್ನಾಗಲೀ ಉಪಾಧ್ಯಾಯಿನಿ ಮುಟ್ಟಿರಲಿಲ್ಲ. ತಿದ್ದುಪಡಿ ಒಂದೇ ಒಂದು ಕಡೆ. ‘ವಿವೀಯಮೊಸ್’ ಎಂಬಲ್ಲಿ ಒಂದು ಅಕ್ಷರವನ್ನೂ ಅದರ ಹಿಂದಿನ ಅಕ್ಷರದ ತಲೆಯ ಮೇಲಿದ್ದ ಗೀಟನ್ನೂ ಕೆಂಪು ಶಾಯಿಯಿಂದ ಹೊಡೆದುಹಾಕಿದ್ದಳು. ಉಳಿದದ್ದು ‘ವಿವೀಮೊಸ್’.

ನಾನು ವಾದ ಹೂಡಿದೆನು. ಒಂದು ರೊಟ್ಟಿ ಕೊಂಡೆನು, ಒಂದು ಕಾಗದ ಬರೆದೆನು ಎಂಬ ಚಿಲ್ಲರೆ ಕೆಲಸಗಳಿಗೆ ಮುಗಿದ ಭೂತ ಸರಿ. ಮೂವತ್ತೊಂದು ವರ್ಷಗಳ ಸಂಸಾರಕ್ಕೂ ಅದೇ ಪ್ರತ್ಯಯವೆ? ಅಷ್ಟು ದೀರ್ಘವಾದುದಕ್ಕೆ ದೀರ್ಘವಾದ ಕಾಲ ಬೇಡವೆ?

ಆಕೆ ತಾಳ್ಮೆಯಿಂದ ಹೇಳಿದಳು: “ದೀರ್ಘವೋ ಹ್ರಸ್ವವೋ ಎಂಬುದು ಮುಖ್ಯವಲ್ಲ. ರೋಮನರು ಇಲ್ಲಿ ನೂರಾರು ವರ್ಷ ಬಾಳಿದರು. ಅದಕ್ಕೂ ಇದೇ ಕಾಲ. ಎಷ್ಟು ವರ್ಷವೆಂದು ನೀನೇ ಎಣಿಸಿ ಹೇಳಿರುವೆಯಲ್ಲ? ಕೊನೆಯನ್ನು ಮುಟ್ಟದೆ ಎಣಿಕೆ ಆಗುವುದಿಲ್ಲ. ದಿನದಿನದ ರೂಢಿಯನ್ನು ಹೇಳುವಾಗ, ಅವಳು ಹೀಗೆ ಮಾಡುತ್ತಿದ್ದಳು ಎನ್ನುವಾಗ, ನೀನು ಬರೆದುದೇ ಸರಿ. ಅದನ್ನು ನಾನು ತಿದ್ದಿಲ್ಲ, ನೋಡು.”

ನಾನು ಸುಮ್ಮನಾದೆನು. ಏಕೆಂದರೆ ಆ ತಪ್ಪು ಸ್ಪ್ಯಾನಿಷ್ ತಿಳಿಯದ ತಪ್ಪಲ್ಲ. ‘ಮೂವತ್ತೊಂದು ವರ್ಷ ಬಾಳುತ್ತಿದ್ದೆವು’ ಎಂದು ಕನ್ನಡದಲ್ಲಿ ಯಾವ ಹುಡುಗ ಬರೆದುತಂದಿದ್ದರೂ ನಾನೇ ಅದನ್ನು ಹೊಡೆದುಹಾಕಿ ‘ಬಾಳಿದೆವು’ ಎಂದು ತಿದ್ದುತ್ತಿದ್ದೆನು. ಗೊತ್ತಿದ್ದೂ ನನ್ನ ಕೈ ಹಾಗೆ ಬರೆದಿತ್ತು. ಮಗಳಿಗೆ ಆರು ತಿಂಗಳಿನಿಂದ ಉತ್ತರ ಹೇಳದೆ ಇದ್ದವನೂ ಆ ಕೈಯವನೇ.

ಆ ಮಧ್ಯಾಹ್ನ ಊಟಕ್ಕೆ ಹೋಗದೆ ನದಿಯ ಕಡೆಗೆ ನಡೆದೆನು. ಸೇತುವೆಯ ಮೊದಲಲ್ಲಿ ತಲೆಯಿಲ್ಲದ ಪುರಾತನವಾದ ಕಲ್ಲಿನ ಗೂಳಿಯೊಂದಿದೆ. ಅದನ್ನು ಯಾರು ಬಾಳಿದ ಕಾಲದಲ್ಲಿ ಯಾರು ಕೆತ್ತಿದರೋ, ಅವರ ಭಾಷೆಯ ಕ್ರಿಯಾಪದಗಳು ಯಾವುವೋ! ಅದರ ಹತ್ತಿರ ಬಹಳ ಹೊತ್ತು ಕುಳಿತಿದ್ದು, ಹೊಸ ಇಗರ್ಜಿಯ ಬಾಗಿಲಿನ ಮುಂದೆ ಹಾದು ಬಂದೆನು. 1992ರಲ್ಲಿ ಆ ಬಾಗಿಲನ್ನು ದುರಸ್ತಿ ಮಾಡಿದಾಗ ಹಳೆಯ ಬಳ್ಳಿಕೆತ್ತನೆಯ ನಡುವೆ ಗಗನಯಾತ್ರಿಯೊಬ್ಬನ ಆಕೃತಿಯನ್ನು ಸೇರಿಸಿದ್ದಾರೆ; ತಮ್ಮ ಕಾಲದ ಗುರುತನ್ನು ಬಿಡುವುದು ದುರಸ್ತಿಗಾರರ ಸಂಪ್ರದಾಯವಂತೆ. ಪ್ರವಾಸಿಗಳು ಅವನತ್ತ ಕೈತೋರಿ ನಗುತ್ತಿದ್ದರು. ಹಳೆಯ ಮನೆಯನ್ನು ಹಾಗೆಯೇ ಬೀಗ ಹಾಕಿಡುವುದೊಂದೇ ಅದಕ್ಕೆ ತೋರುವ ಮರ್ಯಾದೆಯಲ್ಲವೆಂದು ನನಗೆ ಅಲ್ಲಿ ಅನ್ನಿಸಿತು.

ಮತ್ತೆ ವಿವೀಮೊಸ್

ಮನೆಗೆ ಬಂದಾಗ ಮನೆಯೊಡತಿ ಬಡಿಸಿಟ್ಟ ಊಟದ ಮೇಲೆ ತಟ್ಟೆ ಮುಚ್ಚಿಟ್ಟುಕೊಂಡು ಕಾದಿದ್ದರು. ಏಕೆ ತಡವೆಂದು ಕೇಳಲಿಲ್ಲ. ನಾನೇ ಪುಸ್ತಕವನ್ನು ತೆಗೆದು ಅವರ ಮುಂದಿಟ್ಟೆನು. ಆಕೆ ಕನ್ನಡಕವನ್ನು ಹಾಕಿಕೊಂಡು ಹತ್ತು ವಾಕ್ಯಗಳನ್ನೂ ಬೆರಳಿಟ್ಟು ಓದಿದರು. ರಂಗೋಲಿಯೆಂದರೇನೆಂದು ಕೇಳಿದರು, ಮೇಜಿನ ಮೇಲೆ ಉಪ್ಪಿನಿಂದ ಚುಕ್ಕಿಯಿಟ್ಟು ಒಂದು ಎಳೆ ಎಳೆದು ತೋರಿಸಿದೆನು. ಕೆಂಪು ಶಾಯಿಯ ಜಾಗಕ್ಕೆ ಬಂದಾಗ ಬೆರಳು ನಿಂತಿತು.

“ತಿದ್ದಿದ್ದು ಸರಿಯಾಗಿದೆ. ನಾವೂ ಈ ಮನೆಯಲ್ಲಿ ನಲವತ್ತಾರು ವರ್ಷ ಬಾಳಿದೆವು” ಎಂದರು. ಸ್ವಲ್ಪ ಹೊತ್ತಿನ ಮೇಲೆ, ಅಂಕಿಯನ್ನು ಬೆರಳಿನಿಂದ ಮುಚ್ಚಿ, ಉಳಿದ ಮಾತನ್ನಷ್ಟೇ ಮತ್ತೆ ಓದಿದರು: ‘ಆ ಮನೆಯಲ್ಲಿ ವಿವೀಮೊಸ್’. “ಈಗ ಹೇಳಿ, ಇದು ಯಾವ ಕಾಲ? ಇಂದು ಎಂದ ಮೊದಲ ದಿನ ತಾವೇ ಅಲ್ಲವೆ?”

ಖಾಲಿ ಕುರ್ಚಿಯ ಕಡೆಗೆ ನೋಡಿ ಆಕೆ ನಕ್ಕರು. ಮೂರು ವಾರಗಳಿಂದ ನನ್ನನ್ನು ಚುಚ್ಚುತ್ತಿದ್ದ ಮುಳ್ಳು ಆ ನಗುವಿನಲ್ಲಿ ಹೊರಬಂದಿತು.

‘ಏರ್’ ಮನೆತನದಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ತಿನ್ನುತ್ತೇವೆ ಎಂಬುದು ‘ಕೊಮೇಮೊಸ್’, ತಿಂದೆವು ಎಂಬುದು ‘ಕೊಮೀಮೊಸ್’. ಮಾತಾಡುವ ಧಾತುವಿಗೂ ಬಾಳುವ ಧಾತುವಿಗೂ ಮಾತ್ರ, ಅದೂ ‘ನಾವು’ ಎಂಬಲ್ಲಿ ಮಾತ್ರ, ಇಂದಿಗೂ ನಿನ್ನೆಗೂ ಒಂದೇ ರೂಪ. ‘ನಾನು’ ಎಂಬುದಕ್ಕೆ ಇಲ್ಲ, ‘ಅವಳು’ ಎಂಬುದಕ್ಕೆ ಇಲ್ಲ. ನಮ್ಮ ಕನ್ನಡದಲ್ಲಿಯೂ ಇಲ್ಲ. ‘ಬಾಳುತ್ತೇವೆ’ ಎಂದರೆ ಒಂದು, ‘ಬಾಳಿದೆವು’ ಎಂದರೆ ಇನ್ನೊಂದು. ಎರಡರ ನಡುವೆ ನಿಲ್ಲಲು ಜಾಗವಿಲ್ಲ.

ಅಂದು ರಾತ್ರಿ ಮಗಳಿಗೆ ಫೋನು ಮಾಡಿದೆನು. “ಮನೆಯನ್ನು ಕೊಟ್ಟುಬಿಡೋಣಮ್ಮ. ನಾನೂ ನಿಮ್ಮಮ್ಮನೂ ಅಲ್ಲಿ ಮೂವತ್ತೊಂದು ವರ್ಷ ಬಾಳಿದೆವು” ಎಂದೆನು. ಅವಳು ಕೂಡಲೆ ಏನೂ ಹೇಳಲಿಲ್ಲ. ಆಮೇಲೆ, “ಸಂಪಿಗೆ ಮರವನ್ನು ಕಡಿಯಬಾರದೆಂದು ಅವರಿಗೆ ಹೇಳೋಣ, ಅಣ್ಣಾ” ಎಂದಳು.

ಕೊನೆಯ ವಾರ ಪರೀಕ್ಷೆ ನಡೆಯಿತು. ಕಪ್ಪೆಯ ಶಾಪವಿದ್ದರೂ ತೇರ್ಗಡೆಯಾದೆನು. ಮೂರು ಕಡೆ ಒತ್ತಿನ ಗೀಟನ್ನು ಮರೆತಿದ್ದೆನೆಂದು ತಿಳಿಯಿತು. ಹೊರಡುವ ಬೆಳಿಗ್ಗೆ ಮನೆಯೊಡತಿ ಒಂದು ದಪ್ಪ ಪುಸ್ತಕವನ್ನು ತಂದು ಮುಂದಿಟ್ಟರು. ಆ ಕೋಣೆಯಲ್ಲಿ ಇಳಿದುಕೊಂಡವರೆಲ್ಲ ಅದರಲ್ಲಿ ಹೆಸರನ್ನೂ ಒಂದು ಮಾತನ್ನೂ ಬರೆದುಹೋಗಬೇಕಂತೆ. ನಾನು ನನ್ನ ಹೆಸರನ್ನು ಕನ್ನಡದಲ್ಲಿ ಬರೆದು, ಅದರ ಕೆಳಗೆ ಸ್ಪ್ಯಾನಿಷಿನಲ್ಲಿ ‘ಈ ಮನೆಯಲ್ಲಿ ನಾಲ್ಕು ವಾರ ಬಾಳಿದೆನು’ ಎಂದು ಬರೆದೆನು.

ಆಕೆ ಕನ್ನಡಕವನ್ನು ಹಾಕಿಕೊಂಡು ‘ವಿವೀ’ ಎಂಬಲ್ಲಿ ಕೊನೆಯ ಅಕ್ಷರದ ತಲೆಯ ಮೇಲೆ ಗೀಟು ಇದೆಯೇ ಎಂದು ನೋಡಿದರು. ಇತ್ತು.